ತಜ್ಞರ ಕೈಗೆ ಅವರದೇ ಲೆಕ್ಕ: ಹೃದಯ ಚಿಕಿತ್ಸೆಯಲ್ಲಿ ಮೂತ್ರಪಿಂಡ ಉಳಿಸುವ ದಾರಿ

ಹೃದಯದ ರಕ್ತನಾಳಗಳಲ್ಲಿನ ಅಡೆತಡೆಯನ್ನು ಪತ್ತೆಹಚ್ಚುವ ಆಂಜಿಯೋಗ್ರಾಂ ಹಾಗೂ ಅದನ್ನು ತೆರವುಗೊಳಿಸುವ ಆಂಜಿಯೋಪ್ಲಾಸ್ಟಿ ಇಂದು ಜಗತ್ತಿನಾದ್ಯಂತ ನಿತ್ಯದ ಚಿಕಿತ್ಸೆಗಳಾಗಿವೆ. ಅಸಂಖ್ಯ ಜೀವಗಳನ್ನು ಉಳಿಸಿರುವ ಈ ವಿಧಾನಗಳಿಗೆ ಒಂದು ಬೆಲೆಯೂ ಇದೆ. ಹೃದಯವನ್ನು ಕಾಯುವ ಪ್ರಯತ್ನದಲ್ಲಿ ಕೆಲವು ರೋಗಿಗಳ ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ಬಹುಮಟ್ಟಿಗೆ ತಗ್ಗಿಸುವುದು ಹೇಗೆಂಬುದು ವೈದ್ಯರಿಗೆ ತಿಳಿಯದ ವಿಷಯವೇನಲ್ಲ. ತಿಳಿದದ್ದು ಆಚರಣೆಗೆ ಏಕೆ ಬರುತ್ತಿಲ್ಲ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಕೆನಡಾದ ಆಲ್ಬರ್ಟಾ ಪ್ರಾಂತ್ಯ ಕಂಡುಕೊಂಡ ಉತ್ತರ ಹೊಸ ಔಷಧಿಯಲ್ಲ, ದುಬಾರಿ ಯಂತ್ರವೂ ಅಲ್ಲ. ಪ್ರತಿಯೊಬ್ಬ ಹೃದ್ರೋಗ ತಜ್ಞರ ಕೈಗೆ ಅವರದೇ ಕೆಲಸದ ಲೆಕ್ಕವನ್ನು ಕೊಡುವುದು ಆ ಉತ್ತರದ ತಿರುಳು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಮೂತ್ರಪಿಂಡ ತಜ್ಞ ಮ್ಯಾಥ್ಯೂ ಜೇಮ್ಸ್ ಮತ್ತು ಸಂಗಡಿಗರು ನಡೆಸಿದ ಈ ಪ್ರಯೋಗದ ಫಲಿತಾಂಶ 2022ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆ ‘ಜಾಮಾ’ದಲ್ಲಿ ಪ್ರಕಟವಾಯಿತು. ಹೃದ್ರೋಗ ಮತ್ತು ಮಧುಮೇಹ ಎರಡೂ ಹೆಚ್ಚುತ್ತಿರುವ ಭಾರತದಂತಹ ದೇಶಕ್ಕೆ ಅದರಲ್ಲಿ ಕಲಿಯಬೇಕಾದ ಪಾಠಗಳಿವೆ.

ಪೆಟ್ಟು ಬೀಳುವುದು ಹೇಗೆ?

ರಕ್ತನಾಳಗಳು ಎಕ್ಸ್‌ರೇ ಪರದೆಯ ಮೇಲೆ ತಾವಾಗಿಯೇ ಕಾಣುವುದಿಲ್ಲ. ಅವು ಕಾಣಬೇಕಾದರೆ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ನಾಳದೊಳಕ್ಕೆ ಹರಿಸಬೇಕು. ರೋಗಿಗಳು ಇದನ್ನು ‘ಡೈ’ ಎಂದೇ ಕರೆಯುತ್ತಾರೆ. ಈ ದ್ರವವನ್ನು ದೇಹದಿಂದ ಹೊರಹಾಕುವ ಹೊಣೆ ಮೂತ್ರಪಿಂಡಗಳದ್ದು. ಆರೋಗ್ಯವಂತರಲ್ಲಿ ಇದರಿಂದ ತೊಂದರೆಯಾಗುವುದು ವಿರಳ. ಆದರೆ ಮೂತ್ರಪಿಂಡಗಳು ಮೊದಲೇ ಸೊರಗಿರುವವರಲ್ಲಿ, ಮಧುಮೇಹಿಗಳಲ್ಲಿ, ವೃದ್ಧರಲ್ಲಿ, ಹೃದಯ ದುರ್ಬಲಗೊಂಡವರಲ್ಲಿ ಈ ದ್ರವ ಮೂತ್ರಪಿಂಡದ ಒಳಭಾಗದ ರಕ್ತಸಂಚಾರವನ್ನು ಕುಗ್ಗಿಸುತ್ತದೆ. ಅಲ್ಲಿನ ಸೂಕ್ಷ್ಮ ನಾಳಗಳ ಜೀವಕೋಶಗಳಿಗೆ ನೇರವಾಗಿಯೂ ಹಾನಿಯುಂಟುಮಾಡುತ್ತದೆ.

ಹಾನಿಯ ಗುರುತು ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣದ ಏರಿಕೆ. ಅದು 48 ಗಂಟೆಗಳೊಳಗೆ ಪ್ರತಿ ಡೆಸಿಲೀಟರ್‌ಗೆ 0.3 ಮಿಲಿಗ್ರಾಂನಷ್ಟು ಏರಿದರೆ ಅಥವಾ 7 ದಿನಗಳೊಳಗೆ ಮೂಲ ಪ್ರಮಾಣದ ಒಂದೂವರೆ ಪಟ್ಟಾದರೆ ಮೂತ್ರಪಿಂಡಕ್ಕೆ ತೀವ್ರ ಹಾನಿಯಾಗಿದೆ ಎಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮೂತ್ರಪಿಂಡದ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಅತಿ ಕಡಿಮೆ ಮಂದಿಗೆ ಡಯಾಲಿಸಿಸ್ ಅನಿವಾರ್ಯವಾಗುತ್ತದೆ. ಇಂತಹ ಹಾನಿಗೆಲ್ಲ ಕಾಂಟ್ರಾಸ್ಟ್ ದ್ರವವೊಂದೇ ಕಾರಣವೆಂದು ಇಂದು ಯಾರೂ ಹೇಳುವುದಿಲ್ಲ. ರಕ್ತದೊತ್ತಡದ ಕುಸಿತ, ಹೃದಯದ ಸ್ಥಿತಿ, ರೋಗಿ ಸೇವಿಸುತ್ತಿರುವ ಔಷಧಿಗಳು ಸಹ ಪಾತ್ರ ವಹಿಸುತ್ತವೆ. ಹಾಗೆಂದ ಮಾತ್ರಕ್ಕೆ ವೈದ್ಯರ ಕೈಯಲ್ಲಿರುವ ಎಚ್ಚರಿಕೆಗಳ ಮಹತ್ವ ಕಡಿಮೆಯಾಗುವುದಿಲ್ಲ.

ಆ ಎಚ್ಚರಿಕೆಗಳು ಮುಖ್ಯವಾಗಿ ಎರಡು. ಕಾಂಟ್ರಾಸ್ಟ್ ದ್ರವವನ್ನು ಅಗತ್ಯಕ್ಕಿಂತ ಹೆಚ್ಚು ಬಳಸದಿರುವುದು ಒಂದು. ರಕ್ತನಾಳದ ಮೂಲಕ ಸಾಕಷ್ಟು ಸಲೈನ್ ನೀಡುವುದು ಇನ್ನೊಂದು. ದ್ರವದ ಮಿತಿ ಎಷ್ಟೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಆಂಜಿಯೋಪ್ಲಾಸ್ಟಿ ದಾಖಲೆಗಳನ್ನು ಆಧರಿಸಿದ 2011ರ ಅಧ್ಯಯನವೊಂದು ಸರಳ ಸೂತ್ರ ಒದಗಿಸಿತು. ಮೂತ್ರಪಿಂಡದ ಶೋಧನಾ ಸಾಮರ್ಥ್ಯದ ಅಂಕಿಯ ಎರಡು ಪಟ್ಟು ಮಿಲಿಲೀಟರ್‌ಗಳೊಳಗೆ ದ್ರವದ ಬಳಕೆ ಇರಲಿ, ಮೂರು ಪಟ್ಟನ್ನು ಮೀರದಿರಲಿ ಎಂಬುದು ಅದರ ಸಾರ. ಸಾಮರ್ಥ್ಯ 40 ಇರುವ ರೋಗಿಗೆ 80 ಮಿಲಿಲೀಟರ್ ಸುರಕ್ಷಿತ. 120ರ ಆಚೆ ಅಪಾಯ.

ಸಲೈನ್ ವಿಷಯದಲ್ಲಿಯೂ ಗೊಂದಲ ಬಹುಮಟ್ಟಿಗೆ ನಿವಾರಣೆಯಾಗಿದೆ. ಹೃದಯದ ಎಡ ಕುಕ್ಷಿಯೊಳಗಿನ ಒತ್ತಡವನ್ನು ಅಳೆದು, ಅದಕ್ಕೆ ತಕ್ಕಂತೆ ಸಲೈನ್ ಹರಿಸಿದರೆ ಮೂತ್ರಪಿಂಡದ ಹಾನಿ ಕಡಿಮೆಯಾಗುತ್ತದೆ ಎಂದು ‘ಪೊಸೈಡನ್’ ಹೆಸರಿನ ಪ್ರಯೋಗ 2014ರಲ್ಲಿ ತೋರಿಸಿತು. ಅದರಲ್ಲಿ ಸಾಮಾನ್ಯ ರೀತಿಯ ಸಲೈನ್ ಪಡೆದವರಲ್ಲಿ ಶೇ. 16.3ರಷ್ಟು ಮಂದಿಗೆ ಹಾನಿಯಾದರೆ, ಒತ್ತಡ ಅಳೆದು ಸಲೈನ್ ಪಡೆದವರಲ್ಲಿ ಆ ಪ್ರಮಾಣ ಶೇ. 6.7 ಮಾತ್ರ. ಇನ್ನೊಂದೆಡೆ, ದಶಕಕ್ಕೂ ಹೆಚ್ಚು ಕಾಲ ಅನೇಕ ಆಸ್ಪತ್ರೆಗಳು ನೆಚ್ಚಿಕೊಂಡಿದ್ದ ಅಸಿಟೈಲ್‌ಸಿಸ್ಟೀನ್ ಮಾತ್ರೆ ಹಾಗೂ ಸೋಡಿಯಂ ಬೈಕಾರ್ಬೊನೇಟ್ ದ್ರಾವಣಗಳಿಂದ ಹೆಚ್ಚುವರಿ ಪ್ರಯೋಜನವಿಲ್ಲವೆಂದು 2018ರಲ್ಲಿ ಪ್ರಕಟವಾದ ‘ಪ್ರಿಸರ್ವ್’ ಪ್ರಯೋಗ ಖಚಿತಪಡಿಸಿತು. ಸುಮಾರು 5 ಸಾವಿರ ರೋಗಿಗಳನ್ನು ಒಳಗೊಂಡ ದೊಡ್ಡ ಪ್ರಯೋಗವದು. ಅಂದರೆ ಮದ್ದಿನ ಆಸೆ ಹುಸಿಯಾಯಿತು. ಉಳಿದದ್ದು ಶಿಸ್ತು ಮಾತ್ರ.

ಕಾಣದ ಹಾನಿ

ಶಿಸ್ತು ಏಕೆ ತಪ್ಪುತ್ತದೆ ಎಂಬುದಕ್ಕೆ ಕಾರಣ ಚಿಕಿತ್ಸೆಯ ಸ್ವರೂಪದಲ್ಲಿಯೇ ಇದೆ. ಕ್ಯಾಥ್‌ಲ್ಯಾಬ್‌ನಲ್ಲಿ ನಿಂತ ತಜ್ಞರ ಕಣ್ಣು ಪರದೆಯ ಮೇಲಿರುತ್ತದೆ. ನಾಳ ತೆರೆದುಕೊಂಡಿತೇ, ಸ್ಟೆಂಟ್ ಸರಿಯಾಗಿ ಕುಳಿತಿತೇ, ರಕ್ತದೊತ್ತಡ ಸ್ಥಿರವಾಗಿದೆಯೇ ಎಂಬುದಕ್ಕೆ ಉತ್ತರ ಆ ಕ್ಷಣವೇ ಸಿಗುತ್ತದೆ. ತಪ್ಪಾದರೆ ಕಣ್ಣೆದುರಿಗೇ ಗೊತ್ತಾಗುತ್ತದೆ. ಆದ್ದರಿಂದಲೇ ಆ ವಿಷಯಗಳಲ್ಲಿ ಕೈ ಪಳಗುತ್ತದೆ. ಮೂತ್ರಪಿಂಡದ ಕಥೆ ಹಾಗಲ್ಲ. ಕ್ರಿಯಾಟಿನಿನ್ ಏರುವುದು ಎರಡು ಮೂರು ದಿನಗಳ ನಂತರ. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾನೆ. ಮರುಪರೀಕ್ಷೆಯೇ ನಡೆಯದಿರಬಹುದು, ನಡೆದರೂ ಅದರ ವರದಿ ಬೇರೊಬ್ಬ ವೈದ್ಯರ ಮೇಜಿನ ಮೇಲಿರಬಹುದು.

ಹೀಗಾಗಿ ಹೆಚ್ಚುವರಿಯಾಗಿ ಹರಿಸಿದ 50 ಮಿಲಿಲೀಟರ್ ದ್ರವಕ್ಕೂ ವಾರದ ಬಳಿಕ ಕಾಲು ಊದಿಕೊಂಡು ಬರುವ ರೋಗಿಗೂ ನಡುವಿನ ನಂಟು ತಜ್ಞರ ಅನುಭವಕ್ಕೆ ಬರುವುದೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿ ಇಂತಹ ಹಾನಿ ಅಪರೂಪವೆಂದೇ ನಂಬಿರುತ್ತಾರೆ. ಇದು ನಿರ್ಲಕ್ಷ್ಯವಲ್ಲ. ಮಾಡಿದ ಕೆಲಸದ ಫಲಿತಾಂಶ ಮಾಡಿದವರಿಗೆ ಮರಳಿ ತಲುಪದಿದ್ದಾಗ ಯಾವ ವೃತ್ತಿಯಲ್ಲಾದರೂ ಆಗುವುದು ಇದೇ.

ಫಲಿತಾಂಶವನ್ನು ಮಾಡಿದವರಿಗೇ ಮರಳಿ ತಲುಪಿಸಬೇಕೆಂಬ ವಿಚಾರ ಹಳೆಯದು. ಪ್ರತಿ ರೋಗಿಯನ್ನೂ ಚಿಕಿತ್ಸೆಯ ಬಳಿಕ ಹಿಂಬಾಲಿಸಿ, ಗುಣವಾಗದಿದ್ದರೆ ಕಾರಣವನ್ನು ದಾಖಲಿಸಬೇಕೆಂದು ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ವಾದಿಸಿದ್ದರು. ಅಂದಿನ ವೈದ್ಯಸಮಾಜ ಅದನ್ನು ಸಹಿಸಲಿಲ್ಲ. 1914ರಲ್ಲಿ ಅವರು ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆಗೆ ರಾಜೀನಾಮೆಯಿತ್ತು ಹೊರನಡೆದರು. ಇಂದು ಅದೇ ವಿಚಾರ ಪರಿಶೋಧನೆ ಹಾಗೂ ಮರುಮಾಹಿತಿ ಎಂಬ ಹೆಸರಿನಲ್ಲಿ ಆಸ್ಪತ್ರೆಗಳಿಗೆ ಮರಳಿದೆ.

ಆಲ್ಬರ್ಟಾದ ಪ್ರಯೋಗ

ಆಲ್ಬರ್ಟಾದಲ್ಲಿ 2018ರ ಜನವರಿಯಿಂದ 2019ರ ಸೆಪ್ಟೆಂಬರ್‌ವರೆಗೆ ನಡೆದ ಪ್ರಯೋಗದಲ್ಲಿ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ನಡೆಸುವ 34 ಹೃದ್ರೋಗ ತಜ್ಞರು ಪಾಲ್ಗೊಂಡಿದ್ದರು. ಎಲ್ಲರಿಗೂ ಒಮ್ಮೆಲೇ ಹೊಸ ವ್ಯವಸ್ಥೆಯನ್ನು ಒದಗಿಸಲಿಲ್ಲ. ಯಾರು ಯಾವಾಗ ಅದರೊಳಗೆ ಬರಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿ, ಹಂತಹಂತವಾಗಿ ಸೇರಿಸಿಕೊಳ್ಳಲಾಯಿತು. ಇನ್ನೂ ಸೇರದವರ ರೋಗಿಗಳೊಂದಿಗೆ ಸೇರಿದವರ ರೋಗಿಗಳನ್ನು ಹೋಲಿಸುವ ಅವಕಾಶ ಇದರಿಂದ ದೊರೆಯಿತು. ತುರ್ತು ಚಿಕಿತ್ಸೆಗೆ ಬಂದವರನ್ನೂ ಡಯಾಲಿಸಿಸ್‌ನಲ್ಲಿದ್ದವರನ್ನೂ ಹೊರತುಪಡಿಸಿ, ಮೂತ್ರಪಿಂಡದ ಹಾನಿಯ ಅಪಾಯ ಶೇ. 5ಕ್ಕಿಂತ ಹೆಚ್ಚೆಂದು ಅಂದಾಜಿಸಲಾದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿತ್ತು.

ವ್ಯವಸ್ಥೆಗೆ ಮೂರು ಅಂಗಗಳಿದ್ದವು. ಮೊದಲನೆಯದು ತಜ್ಞರಿಗೆ ತಿಳಿವಳಿಕೆ. ಎರಡನೆಯದು ಕಂಪ್ಯೂಟರ್ ನೆರವು: ಈ ರೋಗಿಗೆ ಇಷ್ಟು ಕಾಂಟ್ರಾಸ್ಟ್ ದ್ರವ ಸುರಕ್ಷಿತ, ಹೃದಯದ ಒತ್ತಡಕ್ಕೆ ತಕ್ಕಂತೆ ಇಷ್ಟು ಸಲೈನ್ ಅಗತ್ಯ ಎಂಬ ಗುರಿಯನ್ನು ಅದು ತಿಳಿಸುತ್ತಿತ್ತು. ಮೂರನೆಯದು ಪ್ರತಿ ತಜ್ಞರಿಗೂ ಅವರ ಕಾರ್ಯದ ವರದಿ. ಗುರಿಯನ್ನು ಎಷ್ಟು ಬಾರಿ ಪಾಲಿಸಲಾಯಿತು, ಎಷ್ಟು ರೋಗಿಗಳಿಗೆ ಹಾನಿಯಾಯಿತು ಎಂಬುದನ್ನು ಆ ವರದಿ ಅವರ ಮುಂದಿಡುತ್ತಿತ್ತು.

ಫಲಿತಾಂಶ ಹೀಗಿದೆ: ಹೊಸ ವ್ಯವಸ್ಥೆಗೆ ಮೊದಲು ನಡೆದ 3,493 ಚಿಕಿತ್ಸೆಗಳಲ್ಲಿ 299 ಬಾರಿ, ಅಂದರೆ ಶೇ. 8.6ರಷ್ಟು ಪ್ರಕರಣಗಳಲ್ಲಿ ಮೂತ್ರಪಿಂಡಕ್ಕೆ ಹಾನಿಯಾಗಿತ್ತು. ವ್ಯವಸ್ಥೆ ಬಂದ ಬಳಿಕದ 4,327 ಚಿಕಿತ್ಸೆಗಳಲ್ಲಿ ಅದು 310, ಅಂದರೆ ಶೇ. 7.2ಕ್ಕೆ ಇಳಿಯಿತು. ಕಾಲಕ್ರಮದ ಬದಲಾವಣೆಯನ್ನೂ ತಜ್ಞರ ನಡುವಿನ ಭಿನ್ನತೆಯನ್ನೂ ಸರಿದೂಗಿಸಿ ನೋಡಿದಾಗ ಇಳಿಕೆ ಶೇಕಡಾ 2.3 ಅಂಶಗಳಷ್ಟು. ಸರಳವಾಗಿ ಹೇಳುವುದಾದರೆ, ಅಪಾಯ ಹೆಚ್ಚಿರುವ ಸುಮಾರು 43 ರೋಗಿಗಳಲ್ಲಿ ಒಬ್ಬರ ಮೂತ್ರಪಿಂಡ ಹಾನಿಯಿಂದ ಪಾರಾದಂತೆ.

ಇದಕ್ಕಿಂತಲೂ ಗಮನಾರ್ಹವಾದುದು ಕೆಲಸದ ರೀತಿಯಲ್ಲಾದ ಬದಲಾವಣೆ. ಮಿತಿಮೀರಿ ಕಾಂಟ್ರಾಸ್ಟ್ ದ್ರವ ಬಳಸಿದ ಪ್ರಕರಣಗಳು ಶೇ. 51.7ರಿಂದ 38.1ಕ್ಕೆ ಇಳಿದವು. ಸಲೈನ್ ಅಗತ್ಯವಿದ್ದೂ ಸಾಕಷ್ಟು ಸಿಗದವರ ಪ್ರಮಾಣ ಶೇ. 75.1ರಿಂದ 60.8ಕ್ಕೆ ತಗ್ಗಿತು. ಈ ಅಂಕಿಗಳಿಗೆ ಎರಡು ಮುಖಗಳಿವೆ. ಸುಧಾರಣೆ ಆಯಿತೆಂಬುದು ಒಂದು. ಸುಸಜ್ಜಿತ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಿರುವ ನಾಡಿನಲ್ಲಿಯೂ ಅಪಾಯದಲ್ಲಿದ್ದ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ದ್ರವ ಮಿತಿಮೀರುತ್ತಿತ್ತು, ಮುಕ್ಕಾಲು ಪಾಲು ಮಂದಿಗೆ ಸಲೈನ್ ಸಾಲುತ್ತಿರಲಿಲ್ಲ, ವ್ಯವಸ್ಥೆ ಬಂದ ನಂತರವೂ ಹಲವರಿಗೆ ಸಾಲಲಿಲ್ಲ ಎಂಬುದು ಇನ್ನೊಂದು. ಲೆಕ್ಕ ತೆಗೆಯುವವರೆಗೂ ಈ ಕೊರತೆ ಕಾಣುವುದು ಕಷ್ಟ.

ಪ್ರಯೋಗದ ಮಿತಿಗಳನ್ನೂ ಹೇಳಬೇಕು. ಹೃದಯಾಘಾತ, ಸಾವಿನಂತಹ ಗಂಭೀರ ಘಟನೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ತಿಳಿವಳಿಕೆ, ಕಂಪ್ಯೂಟರ್ ಸಲಹೆ, ವರದಿ ಮೂರೂ ಒಟ್ಟಿಗೇ ಬಂದುದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದೂ ಸಾಧ್ಯವಿಲ್ಲ.

ವರದಿಯೊಂದೇ ಸಾಕೇ?

ಸಾಲದು ಎನ್ನುತ್ತದೆ ಇತರೆಡೆಯ ಅನುಭವ. ವೈದ್ಯರಿಗೆ ಅವರ ಕಾರ್ಯದ ವರದಿ ನೀಡುವುದರ ಪರಿಣಾಮ ಕುರಿತ 140 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2012ರಲ್ಲಿ ಪರಾಮರ್ಶಿಸಿತ್ತು. ಅಪೇಕ್ಷಿತ ನಡೆಯಲ್ಲಿ ಕಂಡ ಹೆಚ್ಚಳದ ಮಧ್ಯಾಂಕ ಶೇಕಡಾ 4.3 ಅಂಶಗಳು ಮಾತ್ರ. ಕೆಲವೆಡೆ ಪರಿಣಾಮ ಶೂನ್ಯದ ಸಮೀಪವಿದ್ದರೆ, ಕೆಲವೆಡೆ ಶೇಕಡಾ 16 ಅಂಶಗಳನ್ನೂ ಮುಟ್ಟಿತ್ತು. ವರದಿ ಪದೇಪದೇ ಬಂದಾಗ, ಗೌರವಾನ್ವಿತ ಸಹೋದ್ಯೋಗಿಯಿಂದ ಬಂದಾಗ, ಸ್ಪಷ್ಟ ಗುರಿ ಮತ್ತು ಮಾಡಬೇಕಾದ ಕೆಲಸದ ಸೂಚನೆಯೊಂದಿಗೆ ಬಂದಾಗ ಫಲ ಹೆಚ್ಚು.

ಅಮೆರಿಕದ ಮಾಜಿ ಸೈನಿಕರ 20 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಸೂಚಿಸುತ್ತದೆ. ಅಲ್ಲಿ ತಂಡಗಳಿಗೆ ತರಬೇತಿ ಮತ್ತು ಸ್ವಯಂಚಾಲಿತ ವರದಿ ಎರಡೂ ಸೇರಿದ ಕಡೆ ಮೂತ್ರಪಿಂಡ ಹಾನಿಯ ಸಂಭವ ಶೇ. 46ರಷ್ಟು ತಗ್ಗಿತು. ಇದಕ್ಕೂ ಮುನ್ನ ಮೇನ್, ನ್ಯೂಹ್ಯಾಂಪ್‌ಶೈರ್, ವರ್ಮಾಂಟ್ ಪ್ರದೇಶದ 10 ಆಸ್ಪತ್ರೆಗಳು 2007ರಿಂದ 2012ರವರೆಗೆ ಪರಸ್ಪರ ಅಂಕಿ-ಅಂಶ ಹಂಚಿಕೊಂಡು ನಡೆಸಿದ ಪ್ರಯತ್ನದಲ್ಲಿ, ಸುಧಾರಣಾ ಕ್ರಮ ಕೈಗೊಂಡ ಆಸ್ಪತ್ರೆಗಳ ಹಾನಿಯ ಪ್ರಮಾಣ ಶೇ. 21ರಷ್ಟು ಇಳಿದಿತ್ತು. ಅಲ್ಲಿನ ಕ್ರಮಗಳಲ್ಲಿ ದೊಡ್ಡ ತಂತ್ರಜ್ಞಾನವೇನೂ ಇರಲಿಲ್ಲ. ರಾತ್ರಿಯಿಂದಲೇ ಹನಿ ನೀರೂ ಕುಡಿಯಬಾರದೆಂಬ ಹಳೆಯ ಆದೇಶವನ್ನು ಸಡಿಲಿಸಿ, ರೋಗಿ ನೀರು ಕುಡಿದು ಬರುವಂತೆ ಮಾಡಿದ್ದೂ ಅವುಗಳಲ್ಲೊಂದು. ದಾದಿಯರು, ತಂತ್ರಜ್ಞರು, ವೈದ್ಯರು ಒಂದೇ ಅಂಕಿಯ ಸುತ್ತ ಕುಳಿತು ಚರ್ಚಿಸಿದ್ದರಿಂದ ಇಂತಹ ಸಣ್ಣ ಸಂಗತಿಗಳು ಹೊರಬಿದ್ದವು.

ಕನ್ನಡಿಯೋ, ಚಾಟಿಯೋ?

ಲೆಕ್ಕ ಕೊಡುವುದು ಸುಲಭ. ಅದನ್ನು ಹೇಗೆ ಬಳಸುತ್ತೇವೆ ಎಂಬುದು ಸೂಕ್ಷ್ಮ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ರಾಜ್ಯಗಳು 1990ರ ದಶಕದಲ್ಲಿ ಹೃದಯ ಶಸ್ತ್ರಚಿಕಿತ್ಸಕರ ಸಾವಿನ ಪ್ರಮಾಣವನ್ನು ಹೆಸರುಸಹಿತ ಬಹಿರಂಗಪಡಿಸತೊಡಗಿದವು. ಉದ್ದೇಶ ಒಳ್ಳೆಯದೇ. ಆದರೆ 1996ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾದ ಸಮೀಕ್ಷೆಯೊಂದರಲ್ಲಿ ಶೇ. 63ರಷ್ಟು ಶಸ್ತ್ರಚಿಕಿತ್ಸಕರು, ಸ್ಥಿತಿ ಗಂಭೀರವಾಗಿರುವ ರೋಗಿಗಳನ್ನು ಕೈಗೆತ್ತಿಕೊಳ್ಳಲು ತಾವು ಮೊದಲಿಗಿಂತ ಹಿಂಜರಿಯುತ್ತಿರುವುದಾಗಿ ಒಪ್ಪಿಕೊಂಡಿದ್ದರು. ಅಂಕಿ ಕೆಡಬಾರದೆಂಬ ಭಯಕ್ಕೆ ಬಲಿಯಾಗುವುದು ಚಿಕಿತ್ಸೆ ಹೆಚ್ಚು ಅಗತ್ಯವಿರುವ ರೋಗಿಯೇ.

ಮೂತ್ರಪಿಂಡದ ವಿಷಯದಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಹಾನಿಯಾದೀತೆಂಬ ಅಂಜಿಕೆಯಿಂದ ಮೂತ್ರಪಿಂಡ ದುರ್ಬಲವಾಗಿರುವ ಹೃದ್ರೋಗಿಗಳಿಗೆ ಆಂಜಿಯೋಗ್ರಾಂ ಮಾಡದೆ ಬಿಡುವ ಪ್ರವೃತ್ತಿಯನ್ನು ಅಮೆರಿಕದ ಸಂಶೋಧಕರು 2004ರಲ್ಲಿಯೇ ಗುರುತಿಸಿ, ಅದಕ್ಕೆ ‘ರೀನಲಿಸಂ’ ಎಂದು ಹೆಸರಿಟ್ಟಿದ್ದರು. ಮೂತ್ರಪಿಂಡವನ್ನು ಉಳಿಸಲು ಹೋಗಿ ಹೃದಯವನ್ನೇ ಕೈಬಿಟ್ಟರೆ ಅದು ಸುರಕ್ಷತೆಯಲ್ಲ. ಅಪಾಯ ಹೆಚ್ಚಿರುವ ರೋಗಿಗೂ ಚಿಕಿತ್ಸೆ ದೊರೆಯಬೇಕು, ಆದರೆ ಎಚ್ಚರಿಕೆಯಿಂದ ದೊರೆಯಬೇಕು ಎಂಬುದೇ ವರದಿಯ ಗುರಿಯಾಗಿರಬೇಕು.

ಅಂಕಗಣಿತದ ತೊಡಕೂ ಇದೆ. ಹಾನಿಯ ಪ್ರಮಾಣ ಶೇ. 8 ಇರುವೆಡೆ 50 ರೋಗಿಗಳಿಗೆ ಚಿಕಿತ್ಸೆ ನೀಡಿದ ತಜ್ಞರಲ್ಲಿ ನಾಲ್ಕು ಹಾನಿಗಳನ್ನು ನಿರೀಕ್ಷಿಸಬಹುದು. ಒಬ್ಬರಲ್ಲಿ ಅದು ಒಂದಿದ್ದು, ಇನ್ನೊಬ್ಬರಲ್ಲಿ ಏಳಿದ್ದರೆ ಅದು ಕೌಶಲದ ಅಂತರವೇ ಆಗಬೇಕಿಲ್ಲ, ಕೇವಲ ಆಕಸ್ಮಿಕವೂ ಇರಬಹುದು. ಆದ್ದರಿಂದ ಹಾನಿಯ ಎಣಿಕೆಗಿಂತ ವೈದ್ಯರ ಹಿಡಿತದಲ್ಲಿರುವ ಕ್ರಮಗಳ ಎಣಿಕೆ ಹೆಚ್ಚು ನ್ಯಾಯಯುತ. ಎಷ್ಟು ದ್ರವ ಬಳಸಿದಿರಿ, ಎಷ್ಟು ಸಲೈನ್ ಕೊಟ್ಟಿರಿ ಎಂಬ ಪ್ರಶ್ನೆಗಳಿಗೆ ಅದೃಷ್ಟದ ನೆಪವಿಲ್ಲ. ನಾಳೆಯೇ ತಿದ್ದಿಕೊಳ್ಳುವ ಅವಕಾಶವಿದೆ. ಆಲ್ಬರ್ಟಾದ ವ್ಯವಸ್ಥೆ ಗುರಿಗಳನ್ನು ಇಟ್ಟುಕೊಂಡಿದ್ದು ಈ ಎರಡರ ಮೇಲೆಯೇ.

ಇಲ್ಲಿಗೆ ಏನು ಪಾಠ?

ಭಾರತದಲ್ಲಿ ಕಳೆದ ದಶಕದ ಚರ್ಚೆಯೆಲ್ಲ ಹೃದಯ ಚಿಕಿತ್ಸೆಯ ಬೆಲೆ ಮತ್ತು ಲಭ್ಯತೆಯ ಸುತ್ತ ನಡೆಯಿತು. ಅದು ಅಗತ್ಯವೂ ಆಗಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರವು ಸ್ಟೆಂಟ್‌ಗಳ ಬೆಲೆಗೆ ಮಿತಿ ಹಾಕಿತು. ಕರ್ನಾಟಕದಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡವರಿಗೂ ಇಂತಹ ಚಿಕಿತ್ಸೆಯ ಬಾಗಿಲು ತೆರೆಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಮೈಸೂರು, ಕಲಬುರಗಿಗಳಿಗೂ ವಿಸ್ತರಿಸಿದೆ. ಚಿಕಿತ್ಸೆ ಹೆಚ್ಚು ಜನರನ್ನು ತಲುಪಿದಷ್ಟೂ ಅದರ ನಂತರ ಏನಾಯಿತು ಎಂಬ ಪ್ರಶ್ನೆಯ ತೂಕವೂ ಹೆಚ್ಚುತ್ತದೆ.

ಇಲ್ಲಿನ ರೋಗಿಗಳಲ್ಲಿ ಅಪಾಯದ ಕಾರಣಗಳಿಗೆ ಕೊರತೆಯಿಲ್ಲ. ಮಧುಮೇಹ ವ್ಯಾಪಕ. ಮಂಡಿನೋವಿಗೆ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವ ರೂಢಿಯೂ ಇದೆ; ಡೈಕ್ಲೋಫಿನಾಕ್‌ನಂತಹ ಆ ಮಾತ್ರೆಗಳು ಮೂತ್ರಪಿಂಡಕ್ಕೆ ಮಾರಕ. ದೂರದ ತಾಲೂಕಿನಿಂದ ಬಂದು ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡು ಮರಳಿದ ರೋಗಿ, ಮೂರನೆಯ ದಿನ ಕ್ರಿಯಾಟಿನಿನ್ ಪರೀಕ್ಷೆಗಾಗಿ ಮತ್ತೆ ನಗರಕ್ಕೆ ಬರುವುದು ಕಷ್ಟಸಾಧ್ಯ. ಅವನ ಊರಿನ ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆಯ ಅಂಕಿ ಚಿಕಿತ್ಸೆ ನೀಡಿದ ತಜ್ಞರನ್ನು ತಲುಪುವ ದಾರಿ ಇರಬೇಕು. ಹಾನಿ ಶಾಶ್ವತವಾದರೆ ಅದರ ಭಾರ ಕುಟುಂಬದ ಮೇಲೆ ಬೀಳುತ್ತದೆ. ಡಯಾಲಿಸಿಸ್ ಉಚಿತವಾಗಿ ದೊರೆಯುವೆಡೆಯೂ ವಾರಕ್ಕೆ ಎರಡು ಮೂರು ದಿನದ ದುಡಿಮೆ, ಪ್ರಯಾಣ, ಜೊತೆಗೊಬ್ಬರ ಸಮಯ ಕಳೆದುಹೋಗುತ್ತದೆ.

ಆಲ್ಬರ್ಟಾದ ಮಾದರಿಯನ್ನು ಇದ್ದಂತೆಯೇ ತರುವುದು ಸುಲಭವಲ್ಲ. ಅಲ್ಲಿ ಪ್ರಾಂತ್ಯದ ರೋಗಿಗಳ ಪ್ರಯೋಗಾಲಯ ವರದಿಗಳೂ ಹೃದಯ ಚಿಕಿತ್ಸೆಯ ದಾಖಲೆಗಳೂ ಪರಸ್ಪರ ಜೋಡಣೆಯಾಗಿವೆ. ಆದರೆ ಅದರ ತಿರುಳಿಗೆ ಬೇಕಾದದ್ದು ಪ್ರತಿ ರೋಗಿಯ ಕುರಿತು ನಾಲ್ಕೇ ಅಂಕಿಗಳು: ಚಿಕಿತ್ಸೆಗೆ ಮೊದಲಿನ ಕ್ರಿಯಾಟಿನಿನ್, ಬಳಸಿದ ಕಾಂಟ್ರಾಸ್ಟ್ ದ್ರವ, ನೀಡಿದ ಸಲೈನ್, ಎರಡು ಮೂರು ದಿನಗಳ ನಂತರದ ಕ್ರಿಯಾಟಿನಿನ್. ಮೊದಲ ಮೂರು ಕ್ಯಾಥ್‌ಲ್ಯಾಬ್‌ನ ಗೋಡೆಯೊಳಗೇ ದಾಖಲಾಗಬಲ್ಲವು. ನಾಲ್ಕನೆಯದಕ್ಕೆ ಬೇಕಾದುದು ಅಗ್ಗದ ಒಂದು ರಕ್ತಪರೀಕ್ಷೆ ಮತ್ತು ಅದರ ಫಲವನ್ನು ಮರಳಿ ತಲುಪಿಸುವ ಒಂದು ಫೋನ್ ಕರೆ. ಸರ್ಕಾರದ ಹಣದಿಂದ ನಡೆಯುವ ಚಿಕಿತ್ಸೆಗಳಿಗೆ ಈ ನಾಲ್ಕನೆಯ ಅಂಕಿಯನ್ನು ಕಡ್ಡಾಯಗೊಳಿಸುವುದು ದೊಡ್ಡ ವೆಚ್ಚದ ಮಾತಲ್ಲ.

ಆ ಲೆಕ್ಕ ಮೊದಲು ಸೇರಬೇಕಾದುದು ಪತ್ರಿಕೆಗಳನ್ನಲ್ಲ, ಶಿಸ್ತುಕ್ರಮದ ಕಡತಗಳನ್ನೂ ಅಲ್ಲ. ಚಿಕಿತ್ಸೆ ನೀಡಿದ ತಜ್ಞರನ್ನು ಮತ್ತು ಅವರ ತಂಡವನ್ನು. ತಮ್ಮ ಕೈಯಿಂದ ಆಗುತ್ತಿರುವುದನ್ನು ಅಂಕಿಗಳಲ್ಲಿ ಕಂಡಾಗ ತಿದ್ದಿಕೊಳ್ಳಲು ಬಹುತೇಕ ವೈದ್ಯರು ಸಿದ್ಧರಿರುತ್ತಾರೆಂಬುದನ್ನು 34 ತಜ್ಞರ ಅನುಭವ ತೋರಿಸಿಕೊಟ್ಟಿದೆ. ರೋಗಿಗಳೂ ತಮ್ಮ ಪಾಲಿನ ಕೆಲಸ ಮಾಡಬಹುದು. ಚಿಕಿತ್ಸೆಗೆ ಮುನ್ನ ತಮ್ಮ ಕ್ರಿಯಾಟಿನಿನ್ ಎಷ್ಟೆಂದು ಕೇಳಿ ತಿಳಿಯಬೇಕು, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ವಿವರ ಹೇಳಬೇಕು, ಮನೆಗೆ ಮರಳಿದ ಬಳಿಕ ಮರುಪರೀಕ್ಷೆ ಯಾವಾಗ ಎಂದು ವಿಚಾರಿಸಬೇಕು. ಹೃದಯದ ನಾಳ ತೆರೆದಾಗ ಚಿಕಿತ್ಸೆಯ ಅರ್ಧ ಫಲಿತಾಂಶ ಮಾತ್ರ ತಿಳಿಯುತ್ತದೆ. ಉಳಿದರ್ಧ ತಿಳಿಯುವುದು ಮೂರನೆಯ ದಿನದ ರಕ್ತಪರೀಕ್ಷೆಯಲ್ಲಿ. ಆ ಉಳಿದರ್ಧವನ್ನು ನೋಡುವ ವ್ಯವಸ್ಥೆ ಇಲ್ಲಿಯೂ ಬೇಗನೆ ರೂಪುಗೊಳ್ಳಬೇಕಾಗಿದೆ.